ನುಂಗಿದ ಅಕ್ಷರ

ಗ್ರಿಮ್ಸ್‌ಬಿಯ ಚಾಪೆಲ್ ಹಿಂದಿನ ಕೋಣೆ. ಮಂಗಳವಾರ, ಸಂಜೆ ಆರೂವರೆ.
ಹೀಟರ್ ಬಿಸಿಯಾಗುವುದರೊಳಗೆ ಪಾಠ ಮುಗಿದಿರುತ್ತದೆ.
ಮೀನು ಪ್ಯಾಕ್ ಮಾಡುವ ಶೆಡ್ಡಿನಿಂದ ನೆಟ್ಟಗೆ ಬಂದವರು
ಕೈ ಎಷ್ಟು ತೊಳೆದರೂ ಹೋಗದ ವಾಸನೆಗೆ
ಕ್ಷಮೆ ಕೇಳಿ ಕೂರುತ್ತಾರೆ.
ನನಗೇನೂ ಅನಿಸುವುದಿಲ್ಲ. ಈ ಊರಲ್ಲೇ ಹುಟ್ಟಿದ ಮೂಗು ಇದು.

ಬೋರ್ಡಿನ ಮೇಲೆ ಬರೆದೆ: ಯೂಸ್ಡ್ ಟು.
ಮಾಡುತ್ತಿದ್ದೆ, ಹೋಗುತ್ತಿದ್ದೆ, ಇರುತ್ತಿದ್ದೆ ಅಂತ. ಈಗಿಲ್ಲ ಅಂತ.
ಆ ‘ಈಗಿಲ್ಲ’ವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ,
ಆದರೂ ಅದು ಬಂದು ಕೂತಿರುತ್ತದೆ
ಸಾಲ ಕೇಳಲು ಬಂದ ನೆಂಟನ ಹಾಗೆ.

ರೆಬ್ವಾರ್ ‘ಯೂಸ್ ಟು’ ಎಂದು ಬರೆದ.
ಒಂದು ‘ಡಿ’ ಬಿಟ್ಟುಹೋಗಿದೆ, ಅಂದೆ.
ಎಲ್ಲಿದೆ? ನೀವು ಹೇಳುವಾಗ ಕೇಳಿಸುವುದೇ ಇಲ್ಲವಲ್ಲ, ಅಂದ.
ನಿಜ. ಬರೆಯಬೇಕು, ನುಡಿಯುವ ಹಾಗಿಲ್ಲ.
ಕಳೆದದ್ದನ್ನು ನಾವು ಹಲ್ಲಿನ ಸಂದಿಯಲ್ಲೇ
ನುಂಗಿಬಿಡುವ ಜನ.

‘ಹಾಗಾದರೆ ಈಗ ದಿನಾ ಮಾಡುವುದಕ್ಕೆ?’ ತೆಸ್ಫಾಲೆಮ್ ಕೇಳಿದ,
‘ಅದಕ್ಕೂ ಇಂಥದೇ ಒಂದು ಮಾತು ಇರಬೇಕಲ್ಲ?’
ಇಲ್ಲ. ಇದಕ್ಕೆ ವರ್ತಮಾನವೇ ಇಲ್ಲ.
ಮುಗಿಯುವವರೆಗೂ ನಾವದಕ್ಕೆ ಹೆಸರಿಡುವುದಿಲ್ಲ.
ಅವನು ಅದನ್ನೂ ಬರೆದುಕೊಂಡ, ನಿಯಮವೆಂಬಂತೆ.

ಆಮೇಲೆ ‘ವುಡ್’. ಅದೂ ಹಿಂದಿನ ರೂಢಿಗೇ, ಕಥೆ ಹೇಳುವವರ ಮಾತು.
ಉದಾಹರಣೆಗೆ ದೂರ ಹೋಗಲಿಲ್ಲ:
ನೆವಿಲ್ ಮೂರು ವಾರ ಕಡಲಲ್ಲಿ, ಮೂರು ದಿನ ನೆಲದ ಮೇಲೆ.
ಬಂದ ದಿನ, ಪೇಪರಿನಲ್ಲಿ ಸುತ್ತಿದ ಹ್ಯಾಡಕ್ ಮೀನನ್ನು
ಸಿಂಕಿಗೆ ಎಸೆಯುತ್ತಿದ್ದ.
ಎರಡನೆಯ ದಿನ ದುಡ್ಡು ಉಡಾಯಿಸುತ್ತಿದ್ದ,
ಊರಿಗೆಲ್ಲ ಬಿಯರು, ನನಗೊಂದು ಟೊಪ್ಪಿ.
ಮೂರನೆಯ ದಿನ ಮಾತಾಡುತ್ತಿರಲಿಲ್ಲ.
ಎಲ್ಲಕ್ಕೂ ವುಡ್, ವುಡ್, ವುಡ್,
ಕಟ್ಟೆಗೆ ಮೈಯುಜ್ಜುವ ದೋಣಿಯ ಸದ್ದು.

‘ಹೀ ವುಡ್ ಲವ್ ಯು’ ಎಂದಳು ದಾಯ್ವಾ, ಸಹಾಯಕ್ಕೆ ಬಂದವಳಂತೆ.
ಆಗುವುದಿಲ್ಲ ಕಣೇ. ವುಡ್ ಕೆಲಸಗಳಿಗೆ ಮಾತ್ರ,
ಮತ್ತೆ ಮತ್ತೆ ಮಾಡಿದ್ದಕ್ಕೆ. ಪ್ರೀತಿ ಕೆಲಸವಲ್ಲ, ಸ್ಥಿತಿ.
ಹಾಗಂತ ವ್ಯಾಕರಣ ಹೇಳುತ್ತದೆ.
ಸಿಂಕಿನಲ್ಲಿ ಮೀನು ಬೀಳುವ ಸದ್ದು ಕೇಳಿದವಳು ನಾನು,
ವ್ಯಾಕರಣ ಬರೆದವನ ಜೊತೆ ನನಗೊಂದು ಜಗಳವಿದೆ.
ಆದರೆ ಇವರ ಪರೀಕ್ಷೆ ಜೂನಿನಲ್ಲಿದೆ.

ಚಹಾ ಆದಮೇಲೆ ಅಪಾಯದ ತಿರುವು:
ಅದೇ ಎರಡು ಪದಗಳ ಮೊದಲು ಪುಟ್ಟದೊಂದು ‘ಆಮ್’ ಇಟ್ಟರೆ
ಅರ್ಥ ಪಲ್ಟಿ ಹೊಡೆಯುತ್ತದೆ. ಮಾಡುತ್ತಿದ್ದೆ ಅಲ್ಲ, ರೂಢಿಯಾಗಿದೆ.
‘ಗೆಟಿಂಗ್’ ಇಟ್ಟರೆ, ಆಗುತ್ತಾ ಇದೆ, ಇನ್ನೂ ಆಗಿಲ್ಲ.
ಹಡಗುಕಟ್ಟೆಯ ಐಸ್ ಫ್ಯಾಕ್ಟರಿ ಗಾಜು ಗಾಜಾಗಿ ಒಡೆದ ಹಾಗೆ:
ಅದು ಯಾವಾಗ ಮುಚ್ಚಿತೆಂದು ಹೇಳಬಲ್ಲೆ,
ಅದನ್ನು ನೋಡುವುದು ಯಾವಾಗ ಬಿಟ್ಟೆನೆಂದು
ಹೇಳಲಾರೆ.

ತೆಸ್ಫಾಲೆಮ್ ಚಳಿಯ ಬಗ್ಗೆ ಬರೆದ.
ರೆಬ್ವಾರ್, ಚಹಾಕ್ಕೆ ಹಾಲು ಸುರಿಯುವುದರ ಬಗ್ಗೆ:
ರೂಢಿಯಾಗುತ್ತಿಲ್ಲ. ಆಗುವುದೂ ಬೇಡ. ಕೆಳಗೆ ಎರಡು ಗೆರೆ.

ದಾಯ್ವಾ ಬರೆದದ್ದು: ಐ ಯೂಸ್ಡ್ ಟು ಸ್ಲೀಪಿಂಗ್ ಅಲೋನ್.
ತಪ್ಪು. ತಿದ್ದಲು ಎರಡು ದಾರಿ.
‘ಇಂಗ್’ ಹೊಡೆದುಹಾಕಿದರೆ, ಒಬ್ಬಳೇ ಮಲಗುತ್ತಿದ್ದೆ.
‘ಆಮ್’ ಸೇರಿಸಿದರೆ, ಒಬ್ಬಳೇ ಮಲಗಿ ರೂಢಿಯಾಗಿದೆ.
ನಿನ್ನದು ಯಾವುದು?
ಅವಳು ಬಹಳ ಹೊತ್ತು ಹಾಳೆ ನೋಡಿದಳು.
ಉಗುರಿನ ಕೆಳಗಿದ್ದ ಒಂದು ಪೊರೆಯನ್ನು ಕಿತ್ತಳು.
‘ಈ ವಾರ ಗೊತ್ತಿಲ್ಲ’ ಅಂದಳು.

ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ.

ನಾನು ಈಗಲೂ ಹಾಸಿಗೆಯ ಎಡಗಡೆಗೇ ಮಲಗುತ್ತೇನೆ.
ಅದಕ್ಕೆ ಬೇರೆ ಮಾತಿಲ್ಲವೆಂದು ಹೇಳಿದೆನಲ್ಲ.

ಹೀಟರ್ ಆಗಷ್ಟೇ ಬಿಸಿಯಾಗಿತ್ತು.
ಆರಿಸಿ, ಬೀಗ ಹಾಕಿ ಬಂದೆ.